ಹೊಟ್ಟೆ ಉಬ್ಬರಕ್ಕೆ ಮಲ ಪರೀಕ್ಷೆಯ ಕಿಟ್ ತರಿಸಲೋ, ಬ್ರೆತ್ ಟೆಸ್ಟ್ ಮಾಡಿಸಲೋ?

ಊಟವಾದ ಸ್ವಲ್ಪ ಹೊತ್ತಿಗೇ ಹೊಟ್ಟೆ ಬಿಗಿದುಕೊಳ್ಳುತ್ತದೆ, ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ, ಸಿಬೋ ಇರಬಹುದಾ, ಯಾವ ಟೆಸ್ಟ್ ಒಳ್ಳೆಯದು ಅಂತ ಕೇಳಿದ್ದೀರಿ. ಓದುವಾಗ ನನ್ನ ಹಳೇ ಫೈಲನ್ನೇ ಯಾರೋ ತೆಗೆದಿಟ್ಟ ಹಾಗಾಯಿತು.

ಕಿಟ್ ತರಿಸಬೇಡಿ. ಸಿಬೋ ಅಂದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆಯುವುದು. ಮಲದಲ್ಲಿ ಕಾಣುವುದು ಹೆಚ್ಚಾಗಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾ. ಅವು ಅಲ್ಲಿ ಲೆಕ್ಕವಿಲ್ಲದಷ್ಟು ಇರಬೇಕಾದದ್ದೇ. ಬಣ್ಣ ಬಣ್ಣದ ಚಾರ್ಟ್ ಬರುತ್ತದೆ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲಿ ಇರುವುದಿಲ್ಲ.

ಬ್ರೆತ್ ಟೆಸ್ಟ್ ಮಾಡಿಸಿ, ಆದರೆ ನಾನು ಮಾಡಿಸಿದ ಹಾಗೆ ಅಲ್ಲ. ನನ್ನ ಮೊದಲ ಟೆಸ್ಟ್ ನೆಗೆಟಿವ್ ಬಂತು. ಆ ಒಂದು ಹಾಳೆಯನ್ನು ನಂಬಿ ವರ್ಷಕ್ಕೂ ಜಾಸ್ತಿ ಕಾಲ ಒದ್ದಾಡಿದೆ.

ಆಗಿದ್ದು ಇಷ್ಟು. ಟೆಸ್ಟಿಗೆ ಮುಂಚೆ ದವಡೆ ಹಲ್ಲಿಗೆ ಕೀವು ತುಂಬಿ ಮುಖ ಊದಿಕೊಂಡಿತ್ತು. ಹಲ್ಲಿನ ಡಾಕ್ಟರು ಆಂಟಿಬಯಾಟಿಕ್ ಬರೆದರು, ನುಂಗಿದೆ, ವಾಸಿಯಾಯಿತು, ಮರೆತೆ. ಕೋರ್ಸ್ ಮುಗಿದು ಇನ್ನೂ ತಿಂಗಳು ತುಂಬಿರಲಿಲ್ಲ. ಲ್ಯಾಬಿನಲ್ಲಿ ಟೆಸ್ಟ್ ಮಾಡುವವರು "ಇತ್ತೀಚೆಗೆ ಹೊಟ್ಟೆಗೆ ಏನಾದರೂ ಮಾತ್ರೆ ತಗೊಂಡಿದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆ. ಸುಳ್ಳೇನಲ್ಲ ಅಲ್ವಾ? ಹಲ್ಲಿಗೆ ತಗೊಂಡ ಮಾತ್ರೆಗೂ ಹೊಟ್ಟೆಗೂ ಏನು ಸಂಬಂಧ ಅಂತ ನನ್ನ ಲೆಕ್ಕ. ಆದರೆ ಬಾಯಿಂದ ನುಂಗಿದ ಮಾತ್ರೆ ಹಲ್ಲಿಗೆ ಹೋಗುವುದೂ ಕರುಳನ್ನು ದಾಟಿಯೇ.

ಈ ಟೆಸ್ಟ್ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ. ರಾತ್ರಿಯಿಂದ ಉಪವಾಸ ಇರಬೇಕು. ಬೆಳಿಗ್ಗೆ ಒಮ್ಮೆ ಉಸಿರು ಊದಿ, ಸಕ್ಕರೆ ಕರಗಿಸಿದ ನೀರು ಕುಡಿಯಬೇಕು. ಆಮೇಲೆ ಎರಡು ಮೂರು ಗಂಟೆ ಅಲ್ಲೇ ಕೂತು ಸ್ವಲ್ಪ ಸ್ವಲ್ಪ ಹೊತ್ತಿಗೆ ಊದುತ್ತಿರಬೇಕು. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಹುಳಿಸಿದಾಗ ಹೈಡ್ರೋಜನ್ ಹುಟ್ಟಿ, ರಕ್ತ ಸೇರಿ, ಶ್ವಾಸಕೋಶದಿಂದ ಹೊರಬರುತ್ತದೆ. 90 ನಿಮಿಷದೊಳಗೆ ಅದು ಮೊದಲಿನ ಮಟ್ಟಕ್ಕಿಂತ 20 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 20 ಭಾಗ) ಏರಿದರೆ ಪಾಸಿಟಿವ್ ಅನ್ನುತ್ತಾರೆ. ಉತ್ತರ ಅಮೆರಿಕದ ತಜ್ಞರು 2017ರಲ್ಲಿ ಒಪ್ಪಿಕೊಂಡ ಅಳತೆ ಇದು. ಅದೇ ಒಪ್ಪಂದದಲ್ಲಿ ಆಂಟಿಬಯಾಟಿಕ್ ಮುಗಿಸಿ 4 ವಾರ ಟೆಸ್ಟ್ ಮಾಡಿಸಬಾರದು ಅಂತಲೂ ಇದೆ. ಹುಳಿಸಬೇಕಾದ ಬ್ಯಾಕ್ಟೀರಿಯಾವನ್ನೇ ಸಾಯಿಸಿಕೊಂಡು ಹೋದರೆ ಹೈಡ್ರೋಜನ್ ಎಲ್ಲಿಂದ ಬರಬೇಕು? ಈಗಷ್ಟೇ ಗುಡಿಸಿದ ಅಂಗಳದಲ್ಲಿ ಕಸ ಹುಡುಕಿದ ಹಾಗಾಯಿತು. ನನ್ನ ಗ್ರಾಫ್ ನೆಲಕ್ಕಂಟಿಕೊಂಡೇ ಹೋಗಿತ್ತು.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆ ಹಲ್ಲಿನ ಮಾತ್ರೆ ತಗೊಳ್ಳುತ್ತಿದ್ದಾಗ ಉಬ್ಬರ ಅರ್ಧಕ್ಕರ್ಧ ಇಳಿದಿತ್ತು. ಹಲ್ಲುನೋವಿಗೆ ಊಟವೇ ಸೇರುತ್ತಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಅದರಿಂದಲೇ ಸಿಬೋ ಅಂತ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಡಾಕ್ಟರಿಗೆ ಹೇಳಬೇಕಾದ ಮಾತಾಗಿತ್ತು. ಹೇಳಲಿಲ್ಲ.

ನೆಗೆಟಿವ್ ಬಂದ ಮೇಲೆ ಎಲ್ಲರದ್ದೂ ಒಂದೇ ರಾಗ. ಟೆನ್ಷನ್ ಕಮ್ಮಿ ಮಾಡಿಕೊಳ್ಳಿ, ವಾಕಿಂಗ್ ಹೋಗಿ. ನಾನು ಒಂದೊಂದೇ ಪದಾರ್ಥ ಬಿಡುತ್ತಾ ಬಂದೆ. ತೂಕ ಇಳಿಯಿತು. ಬಿ12 ಕಮ್ಮಿ ಅಂತ ಬಂತು, ಇಂಜೆಕ್ಷನ್ ಚುಚ್ಚಿದರು, ಯಾಕೆ ಕಮ್ಮಿಯಾಯಿತು ಅಂತ ಯಾರೂ ಕೇಳಲಿಲ್ಲ. ಸಣ್ಣ ಕರುಳಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ನಮ್ಮ ಪಾಲಿನ ಬಿ12 ತಿಂದುಹಾಕಬಹುದು ಅಂತ ನನಗೆ ಆಮೇಲೆ ತಿಳಿಯಿತು.

ಕೊನೆಗೆ ಸಿಕ್ಕ ಗ್ಯಾಸ್ಟ್ರೋ ಡಾಕ್ಟರು ರಿಪೋರ್ಟ್ ಬದಿಗಿಟ್ಟು ಎರಡು ಪ್ರಶ್ನೆ ಕೇಳಿದರು. "ಆ ಟೆಸ್ಟಿಗೆ ಮುಂಚೆ ಹಲ್ಲು, ಗಂಟಲು, ಚರ್ಮ, ಯಾವುದಕ್ಕಾದರೂ ಸರಿ, ಆಂಟಿಬಯಾಟಿಕ್ ತಗೊಂಡಿದ್ದಿರಾ?" ಎರಡನೆಯದು, "ಹೊಟ್ಟೆಯ ಆಪರೇಷನ್ ಆಗಿದೆಯಾ?" ಆಗಿತ್ತು, ಚಿಕ್ಕಂದಿನಲ್ಲಿ, ಅಪೆಂಡಿಕ್ಸ್ ಒಡೆದು. ಮತ್ತೆ ಸರಿಯಾಗಿ ಟೆಸ್ಟ್ ಮಾಡಿಸಿದಾಗ ಒಂದು ಗಂಟೆಯೊಳಗೇ ಹೈಡ್ರೋಜನ್ ಮೇಲೆದ್ದಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸ್ವಲ್ಪ ತಪ್ಪು ಅಂತ ನನಗನಿಸುತ್ತದೆ. ಯಾವ ಟೆಸ್ಟ್ ಅನ್ನುವುದಕ್ಕಿಂತ, ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ನಿಮಗೆ ಕಾರಣ ಏನಿದೆ ಅಂತ ಮೊದಲು ನೋಡಿ. ಹೊಟ್ಟೆ ಖಾಲಿ ಇದ್ದಾಗ ಸುಮಾರು 90 ನಿಮಿಷಕ್ಕೊಮ್ಮೆ ಒಂದು ಅಲೆ ಎದ್ದು ಸಣ್ಣ ಕರುಳಿನಲ್ಲಿ ಉಳಿದದ್ದನ್ನು ಕೆಳಗೆ ತಳ್ಳುತ್ತದೆ. ಅದು ನಿಧಾನವಾದರೆ, ಇಲ್ಲವೇ ದಾರಿಗೆ ಅಡ್ಡಿ ಇದ್ದರೆ, ಬ್ಯಾಕ್ಟೀರಿಯಾ ಬೀಡುಬಿಡುತ್ತದೆ. ಹಳೇ ಆಪರೇಷನ್ನಿನಿಂದ ಕರುಳು ಅಂಟಿಕೊಂಡಿರಬಹುದು, ಬಹಳ ವರ್ಷದ ಸಕ್ಕರೆ ಕಾಯಿಲೆ ಇರಬಹುದು, ಮಾರ್ಫಿನ್ ಜಾತಿಯ ನೋವಿನ ಮಾತ್ರೆ ಇರಬಹುದು. ಕಾರಣ ಹಾಗೇ ಉಳಿದರೆ ಚಿಕಿತ್ಸೆ ಆದ ಮೇಲೂ ಮರುಕಳಿಸುತ್ತದೆ. ನನಗೆ ರಿಫಾಕ್ಸಿಮಿನ್ ಕೊಟ್ಟರು. ರಕ್ತಕ್ಕೆ ಹೆಚ್ಚು ಸೇರದೆ ಕರುಳಿನಲ್ಲೇ ಕೆಲಸ ಮಾಡುವ ಆಂಟಿಬಯಾಟಿಕ್ ಅದು. ಚೆನ್ನಾಗಿ ಗುಣ ಕಂಡಿತು, ಆದರೆ ಆಮೇಲೆ ಒಮ್ಮೆ ವಾಪಸ್ಸೂ ಬಂತು.

ಕಾರಣ ಏನೂ ಕಾಣದಿದ್ದರೆ ಸಿಬೋ ಅಂತ ಹಟ ಹಿಡಿಯಬೇಡಿ. ಹಾಲಿನ ಸಕ್ಕರೆ ಜೀರ್ಣವಾಗದವರಿಗೂ ಹೀಗೇ ಆಗುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಕರುಳಿಗೆ ಆಗಿಬರದ ಸೀಲಿಯಾಕ್ ಕಾಯಿಲೆಯಲ್ಲೂ ಆಗುತ್ತದೆ. ಅದಕ್ಕೆ ರಕ್ತ ಪರೀಕ್ಷೆ ಇದೆ, ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ನನ್ನ ಕಥೆಯೇ. ಮಲದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಟೆಸ್ಟಿನಲ್ಲೂ ಎರಡು ತರಹ. 75 ಗ್ರಾಂ ಗ್ಲೂಕೋಸ್ ಕುಡಿಸುವುದು ಒಂದು, 10 ಗ್ರಾಂ ಲ್ಯಾಕ್ಟುಲೋಸ್ ಕುಡಿಸುವುದು ಇನ್ನೊಂದು. ಗ್ಲೂಕೋಸ್ ಸಣ್ಣ ಕರುಳಿನ ಶುರುವಿನಲ್ಲೇ ರಕ್ತ ಸೇರುವುದರಿಂದ ಕೊನೆಯ ಭಾಗದಲ್ಲಿರುವುದು ತಪ್ಪಿಹೋಗಬಹುದು. ಲ್ಯಾಕ್ಟುಲೋಸ್ ಹೀರಿಕೊಳ್ಳದೆ ದೊಡ್ಡ ಕರುಳಿಗೆ ಹೋಗುತ್ತದೆ, ಬೇಗ ತಲುಪಿದರೆ ಏನೂ ಇಲ್ಲದವರಿಗೂ ಪಾಸಿಟಿವ್ ಬರುತ್ತದೆ. ನಾನಾಗಿದ್ದರೆ ಗ್ಲೂಕೋಸೇ. ಸುಮ್ನೆ ಆಂಟಿಬಯಾಟಿಕ್ ನುಂಗುವುದಕ್ಕಿಂತ ಒಂದು ಸಲ ತಪ್ಪಿಹೋಗುವುದು ವಾಸಿ.

ಭೇದಿ ಮಾಡಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಡಾಕ್ಟರನ್ನು ಕೇಳಿ ಒಂದು ವಾರ ಮುಂಚೆಯೇ ನಿಲ್ಲಿಸಿ. ಹಿಂದಿನ ದಿನ ಬೇಳೆಕಾಳು, ಹಾಲು, ನಾರಿನ ತರಕಾರಿ ಬೇಡ. ಇಲ್ಲದಿದ್ದರೆ ಸಕ್ಕರೆ ನೀರು ಕುಡಿಯುವ ಮುಂಚೆಯೇ ಹೈಡ್ರೋಜನ್ ಜಾಸ್ತಿ ಇರುತ್ತದೆ. ಬೆಳಿಗ್ಗೆ ವ್ಯಾಯಾಮ ಬೇಡ, ಸಿಗರೇಟೂ ಬೇಡ.

ನಿಮಗೆ ಮಲಬದ್ಧತೆಯೂ ಇದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಬುಕ್ ಮಾಡುವ ಮುಂಚೆ ಲ್ಯಾಬಿಗೆ ಫೋನ್ ಮಾಡಿ, ಮೀಥೇನ್ ಕೂಡ ಅಳೆಯುತ್ತೀರಾ ಅಂತ ಕೇಳಿ. ಹೈಡ್ರೋಜನ್ ತಿಂದು ಮೀಥೇನ್ ಬಿಡುವ ಆರ್ಕಿಯಾ ಅನ್ನುವ ಜೀವಿಗಳಿವೆ, ಅವು ಬ್ಯಾಕ್ಟೀರಿಯಾ ಕೂಡ ಅಲ್ಲ. ಮೀಥೇನ್ ಜಾಸ್ತಿ ಇರುವವರಲ್ಲಿ ಮಲಬದ್ಧತೆಯೇ ಹೆಚ್ಚು. ಅದಕ್ಕೆ 10 ಪಿಪಿಎಂ ಇದ್ದರೂ ಪಾಸಿಟಿವ್, ಔಷಧಿಯೂ ಬೇರೆ ಆಗಬಹುದು. ಬರೀ ಹೈಡ್ರೋಜನ್ ಅಳೆಯುವ ಲ್ಯಾಬ್ ಆದರೆ ಅಲ್ಲಿಗೆ ಹೋಗಬೇಡಿ, ಬೇರೆ ಹುಡುಕಿ.