ಎರಡು ಇಂಟರ್ನೆಟ್ ಸಂಪರ್ಕ, ಒಂದು ಪ್ರಿಂಟರ್: ಅಂಗಡಿಯ ಜಾಲವನ್ನೂ ಮಹಡಿಯ ಜಾಲವನ್ನೂ ಜೋಡಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಳಗೆ ನಿಮ್ಮ ಅಂಗಡಿ, ಮಹಡಿಯಲ್ಲಿ ಲೆಕ್ಕಪತ್ರದ ಕೋಣೆ. ಎರಡಕ್ಕೂ ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇದೆ. ಕೆಳಗಿನ ಪ್ರಿಂಟರ್ ಮೇಲಿನವರಿಗೂ, ಮೇಲಿನ ಟ್ಯಾಲಿ ಫೋಲ್ಡರ್ ಕೆಳಗಿನವರಿಗೂ ಸಿಗಬೇಕು. ಒಂದು ಸಂಪರ್ಕ ಕಡಿದರೆ ಇನ್ನೊಂದು ಕೈಹಿಡಿಯಬೇಕು. ಅದಕ್ಕಾಗಿ ಎರಡು ರೂಟರ್‌ಗಳ ನಡುವೆ ಕೇಬಲ್ ಎಳೆದಿರಿ, ಸ್ವಲ್ಪ ಹೊತ್ತಿನಲ್ಲೇ ಎರಡೂ ಕಡೆ ಇಂಟರ್ನೆಟ್ ನಿಂತಿತು. ಇದೇ ಊರಿನಲ್ಲಿ ಅಂಗಡಿ, ಹಾಸ್ಟೆಲ್, ಗಿರಣಿಗಳಿಗೆ ಜಾಲ ಹಾಕಿಕೊಡುವ ಕೆಲಸದಲ್ಲಿರುವುದರಿಂದ, ಕೇಬಲ್ ಕೆಟ್ಟಿರಲಿಕ್ಕಿಲ್ಲ ಎಂದು ಮೊದಲೇ ಹೇಳಬಲ್ಲೆ.

ಕೆಟ್ಟಿರುವುದು ವಿಳಾಸಗಳ ಲೆಕ್ಕ. ನೀವು ಬರೆದಿರುವಂತೆ ಎರಡೂ ರೂಟರ್‌ಗಳ ವಿಳಾಸ 192.168.1.1. ಈ 192.168 ಸಾಲಿನ ವಿಳಾಸಗಳನ್ನು ಖಾಸಗಿ ಜಾಲಗಳಿಗಾಗಿಯೇ ಮೀಸಲಿಟ್ಟಿದ್ದಾರೆ. ನಿಮ್ಮ ಅಂಗಡಿಯಲ್ಲಿರುವ ಸಂಖ್ಯೆಯೇ ಪಕ್ಕದ ಅಂಗಡಿಯಲ್ಲಿಯೂ ಇರಬಹುದು, ಜಾಲಗಳು ಬೇರೆಯಾಗಿರುವ ತನಕ ಅದರಿಂದ ತೊಂದರೆಯಿಲ್ಲ. ಕೇಬಲ್ ಹಾಕಿದ ಕೂಡಲೇ ಎರಡು ಜಾಲಗಳು ಒಂದಾದವು. ಒಂದೇ ಮನೆಯಲ್ಲಿ ಒಂದೇ ವಿಳಾಸದ ಇಬ್ಬರು ಯಜಮಾನರು ನಿಂತರು. ಹೊಸದಾಗಿ ಬಂದ ಫೋನು, ಕಂಪ್ಯೂಟರ್‌ಗಳಿಗೆ ಇಬ್ಬರೂ ವಿಳಾಸ ಹಂಚತೊಡಗಿದರು. ಇನ್ನೊಂದು ಮಾತನ್ನೂ ಗಮನಿಸಿ: ಕಂಪ್ಯೂಟರ್ ಯಾವುದೇ ವಿಳಾಸಕ್ಕೆ ಮಾಹಿತಿ ಕಳಿಸುವ ಮುನ್ನ ಅದು ತನ್ನ ಜಾಲದ್ದೇ ಅಲ್ಲವೇ ಎಂದು ಸಬ್‌ನೆಟ್ ಮಾಸ್ಕ್ (ವಿಳಾಸದ ಯಾವ ಭಾಗ ಜಾಲದ್ದು ಎಂದು ಹೇಳುವ ಅಂಕಿ) ಬಳಸಿ ಪರೀಕ್ಷಿಸುತ್ತದೆ. ತನ್ನದಾಗಿದ್ದರೆ ನೇರವಾಗಿ ಕೊಡುತ್ತದೆ, ಅಲ್ಲವಾದರೆ ಮಾತ್ರ ಗೇಟ್‌ವೇಗೆ, ಅಂದರೆ ಜಾಲದಿಂದ ಹೊರಗೆ ದಾಟಿಸುವ ರೂಟರಿಗೆ, ಒಪ್ಪಿಸುತ್ತದೆ. ಆದ್ದರಿಂದ ಎರಡೂ ಕಡೆ ಒಂದೇ ಸಾಲಿನ ಸಂಖ್ಯೆಗಳಿದ್ದರೆ, ನಡುವೆ ಎಂಥ ಒಳ್ಳೆಯ ರೂಟರ್ ಇಟ್ಟರೂ ಕಂಪ್ಯೂಟರ್ ಅದರ ಬಳಿಗೆ ಹೋಗುವುದೇ ಇಲ್ಲ.

ಹಂಚಿಕೊಳ್ಳುವ ಸಮಸ್ಯೆ ವಿಳಾಸಕ್ಕೆ ಸೇರಿದ್ದು, ಸಂಪರ್ಕ ಆರಿಸುವ ಸಮಸ್ಯೆ ದಾರಿಗೆ ಸೇರಿದ್ದು. ಎರಡನ್ನೂ ಒಂದೇ ಕೇಬಲ್ಲಿನಿಂದ ಬಗೆಹರಿಸಲು ಹೊರಟಾಗಲೇ ತೊಡಕು ಹುಟ್ಟುತ್ತದೆ. ನನ್ನ ಸಲಹೆ ಎಂದರೆ ಎರಡು ವ್ಯಾನ್ (WAN) ಪೋರ್ಟ್‌ಗಳು, ಅಂದರೆ ಹೊರಗಿನ ಇಂಟರ್ನೆಟ್ ಸಂಪರ್ಕ ಸೇರಿಸುವ ಕಿಂಡಿಗಳು ಇರುವ ಒಂದು ರೂಟರನ್ನು ಕೊಂಡು, ಎರಡು ಕಂಪನಿಗಳ ಪೆಟ್ಟಿಗೆಗಳನ್ನೂ (ಈಗಿರುವ ರೂಟರ್‌ಗಳನ್ನು) ಅದಕ್ಕೆ ಜೋಡಿಸಿ. ಒಂದು ಪೆಟ್ಟಿಗೆ 192.168.1.1 ಆಗಿಯೇ ಇರಲಿ, ಇನ್ನೊಂದನ್ನು 192.168.2.1 ಮಾಡಿ. ಹೊಸ ರೂಟರಿನ ಒಳಗೆ ಅಂಗಡಿಗೆ 192.168.10, ಮಹಡಿಗೆ 192.168.20 ಎಂದು ಎರಡು ಬೇರೆ ಜಾಲಗಳನ್ನು ಕೊಡಿ. ಹಳೆಯ ಪೆಟ್ಟಿಗೆಗಳ ವೈಫೈಯನ್ನು ಮರೆಯದೆ ಆಫ್ ಮಾಡಿ. ಇಲ್ಲವಾದರೆ ಅದಕ್ಕೆ ಸೇರಿಕೊಂಡ ಫೋನುಗಳು ಹೊಸ ರೂಟರಿನ ಹೊರಗೆ ಉಳಿಯುತ್ತವೆ, ಅವುಗಳಿಗೆ ಪ್ರಿಂಟರ್ ಸಿಗುವುದಿಲ್ಲ.

ಹಳೆಯ ರೂಟರ್‌ಗಳನ್ನೇ ಇಟ್ಟುಕೊಂಡು, ನಡುವೆ ಮೂರನೆಯದನ್ನು ಹಾಕಿ, ದಾರಿಗಳನ್ನು ಕೈಯಿಂದ ಬರೆಯುವುದೂ ಸಾಧ್ಯ. ನಾನು ಅದನ್ನು ಈಗ ಯಾರಿಗೂ ಹೇಳುವುದಿಲ್ಲ. ಹಿಂದೊಮ್ಮೆ ಚಿತ್ರದುರ್ಗದ ಕಡೆಯ ಒಂದು ಗಿರಣಿಯಲ್ಲಿ ಹಾಗೆ ಮಾಡಿ, ಹೋಗುವ ದಾರಿಯನ್ನು ಬರೆದು ಬರುವ ದಾರಿಯನ್ನು ಬರೆಯದೆ ಬಿಟ್ಟಿದ್ದೆ. ಕಂಪ್ಯೂಟರಿನ ಮಾತು ಪ್ರಿಂಟರಿಗೆ ತಲುಪುತ್ತಿತ್ತು, ಪ್ರಿಂಟರಿನ ಉತ್ತರ ಮಾತ್ರ ಇಂಟರ್ನೆಟ್ಟಿನ ಕಡೆಗೆ ಹೋಗಿ ಕಳೆದುಹೋಗುತ್ತಿತ್ತು. ಅದನ್ನು ಪತ್ತೆ ಹಚ್ಚಲು ಇಡೀ ಮಧ್ಯಾಹ್ನ ಬೇಕಾಯಿತು. ಎರಡೂ ಜಾಲಗಳು ಒಂದೇ ರೂಟರಿಗೆ ನೇರವಾಗಿ ಸೇರಿದ್ದರೆ ಅದಕ್ಕೆ ಎರಡೂ ದಾರಿಗಳು ತಾನಾಗಿಯೇ ಗೊತ್ತಿರುತ್ತವೆ.

ಹೀಗೆ ಮಾಡಿದ ಮೇಲೂ ಮಹಡಿಯ ಕಂಪ್ಯೂಟರಿನಲ್ಲಿ ಪ್ರಿಂಟರಿನ ಹೆಸರು ಕಾಣಿಸದಿದ್ದರೆ ಗಾಬರಿಯಾಗಬೇಡಿ. ಹೆಸರು ಹುಡುಕಲು ಯಂತ್ರಗಳು ಜಾಲದೊಳಗೆಲ್ಲ ಕೂಗಿ ಕೇಳುತ್ತವೆ, ಆ ಕೂಗನ್ನು ರೂಟರ್ ಸಾಮಾನ್ಯವಾಗಿ ಆಚೆಗೆ ದಾಟಿಸುವುದಿಲ್ಲ. ಪ್ರಿಂಟರಿಗೆ ಬದಲಾಗದ ಒಂದು ವಿಳಾಸವನ್ನು ರೂಟರಿನಲ್ಲೇ ಕಾಯ್ದಿರಿಸಿ, ಆ ಸಂಖ್ಯೆಯನ್ನು ಕೊಟ್ಟು ಸೇರಿಸಿದರೆ ಸಾಕು. ಟ್ಯಾಲಿ ಫೋಲ್ಡರ್‌ಗೂ ಇದೇ ಕ್ರಮ; ಅದಕ್ಕೆ ವಿಂಡೋಸ್ ಫೈರ್‌ವಾಲ್‌ನಲ್ಲಿ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು ತಂತ್ರಾಂಶ) ಅಂಗಡಿಯ ಜಾಲಕ್ಕೂ ಅನುಮತಿ ಕೊಡಬೇಕಾಗಬಹುದು. ಆದರೆ ಫೋಲ್ಡರ್ ಹಂಚಿಕೆಗೆ ಬಳಕೆಯಾಗುವ 445ನೇ ಪೋರ್ಟನ್ನು (ಇದು ಕೇಬಲ್ ಕಿಂಡಿಯಲ್ಲ, ಸಂಖ್ಯೆಯಿಂದ ಗುರುತಿಸುವ ಬಾಗಿಲು) ಇಂಟರ್ನೆಟ್ಟಿನ ಕಡೆಗೆ ಎಂದಿಗೂ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳನ್ನು ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಹರಡಿದ್ದು ಇದೇ ಹಂಚಿಕೆ ವ್ಯವಸ್ಥೆಯ ದೋಷದ ಮೂಲಕ. ಅದಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿದ್ದರೂ ಹಾಕಿಕೊಳ್ಳದವರು ಬಹಳ ಮಂದಿ ಇದ್ದರು.

ಇನ್ನು ಸಂಪರ್ಕದ ಆಯ್ಕೆ. ರೂಟರ್ ತಾನೇ ವೇಗವಾದ ಸಂಪರ್ಕವನ್ನು ಆರಿಸುತ್ತದೆ ಎಂದು ನೀವು ನಂಬಿದ್ದೀರಿ, ನನ್ನನ್ನು ಕರೆಯುವ ಬಹುತೇಕರೂ ಹಾಗೆಯೇ ನಂಬಿರುತ್ತಾರೆ. ಯಾವ ವಿಳಾಸಕ್ಕೆ ಯಾವ ಕಡೆ ಹೋಗಬೇಕು ಎಂದು ರೂಟರ್ ಇಟ್ಟುಕೊಳ್ಳುವ ಮಾರ್ಗಪಟ್ಟಿ ಕೈಮರದಂತೆ. ದಾವಣಗೆರೆಯಿಂದ ಶಿವಮೊಗ್ಗಕ್ಕೆ ಹೊನ್ನಾಳಿಯ ಮೇಲೂ ಹೋಗಬಹುದು, ಚನ್ನಗಿರಿಯ ಮೇಲೂ ಹೋಗಬಹುದು. ಕೈಮರ ದಿಕ್ಕನ್ನು ತೋರಿಸುತ್ತದೆಯೇ ಹೊರತು ಮುಂದೆ ರಸ್ತೆ ಅಗೆದಿದ್ದಾರೆಯೇ ಎಂಬುದನ್ನು ಹೇಳುವುದಿಲ್ಲ. ವಿಂಡೋಸ್‌ನಲ್ಲಿ ಒಂದೇ ಕಂಪ್ಯೂಟರಿಗೆ ಕೇಬಲ್ಲೂ ವೈಫೈಯೂ ಇದ್ದಾಗ ಮೆಟ್ರಿಕ್ ಎಂಬ ಅಂಕಿ ಕಡಿಮೆಯಿರುವ ದಾರಿ ಗೆಲ್ಲುತ್ತದೆ, ಆ ಅಂಕಿ ತಾನಾಗಿ ನಿರ್ಧಾರವಾಗುವುದು ಕಂಪ್ಯೂಟರಿಗೂ ರೂಟರಿಗೂ ನಡುವಿನ ವೇಗವನ್ನು ನೋಡಿ. ಆಚೆ ಇಂಟರ್ನೆಟ್ ತೆವಳುತ್ತಿದ್ದರೂ ಅದಕ್ಕೆ ತಿಳಿಯುವುದಿಲ್ಲ. ದೇಶ ದೇಶಗಳ ದೊಡ್ಡ ಜಾಲಗಳ ನಡುವೆ ದಾರಿ ಆರಿಸುವ ಬಿಜಿಪಿ ಕೂಡ ವೇಗವನ್ನು ಅಳೆಯುವುದಿಲ್ಲ. ಜಾಲದ ಒಡೆಯರು ಇಟ್ಟ ನಿಯಮವನ್ನೂ, ದಾರಿಯಲ್ಲಿ ಎಷ್ಟು ಜಾಲಗಳನ್ನು ದಾಟಬೇಕು ಎಂಬುದನ್ನೂ ನೋಡುತ್ತದೆ.

ಹೀಗಾಗಿ ಆಯ್ಕೆಯನ್ನು ನೀವೇ ಬರೆದಿಡಬೇಕು. ಎರಡನ್ನೂ ಒಟ್ಟಿಗೆ ಬಳಸುವ ಲೋಡ್ ಬ್ಯಾಲೆನ್ಸಿಂಗ್ ಇಂಥ ರೂಟರ್‌ಗಳಲ್ಲಿ ಇರುತ್ತದೆ, ಆದರೆ ಅದು ಹಂಚುವುದು ಒಂದೊಂದು ಡೌನ್‌ಲೋಡ್ ಅಥವಾ ಪುಟದ ಕೋರಿಕೆಯನ್ನು ಇಡಿಯಾಗಿ. 100 ಮತ್ತು 50 ಎಂಬಿಪಿಎಸ್ ಸೇರಿ ಒಂದು ಕಡತದ ಡೌನ್‌ಲೋಡ್ 150 ಆಗುವುದಿಲ್ಲ. ಜೊತೆಗೆ ಬ್ಯಾಂಕಿನ ತಾಣಕ್ಕೆ ಒಂದು ವಿಳಾಸದಿಂದ ಲಾಗಿನ್ ಆಗಿ ಮುಂದಿನ ಪುಟವನ್ನು ಇನ್ನೊಂದು ವಿಳಾಸದಿಂದ ಕೇಳಿದರೆ ಅದು ಅನುಮಾನಪಟ್ಟು ಹೊರಹಾಕಬಹುದು. ಆದ್ದರಿಂದ ಮಹಡಿಯ ಜಾಲವನ್ನು ಒಂದು ಸಂಪರ್ಕಕ್ಕೂ ಅಂಗಡಿಯದನ್ನು ಇನ್ನೊಂದಕ್ಕೂ ಕಟ್ಟಿ, ತನ್ನದು ಕಡಿದಾಗ ಮಾತ್ರ ಮತ್ತೊಂದಕ್ಕೆ ದಾಟುವಂತೆ ಇಡಿ.

ಕಡಿದದ್ದನ್ನು ರೂಟರ್ ಹೇಗೆ ತಿಳಿಯುತ್ತದೆ ಎಂಬುದನ್ನೂ ನೋಡಿಕೊಳ್ಳಿ. ರಸ್ತೆ ಅಗೆಯುವಾಗ ಎಲ್ಲೋ ದೂರದಲ್ಲಿ ಫೈಬರ್ ತುಂಡಾದರೂ ನಿಮ್ಮ ಗೋಡೆಯ ಪೆಟ್ಟಿಗೆ ಉರಿಯುತ್ತಲೇ ಇರುತ್ತದೆ, ಕೇಳಿದರೆ ಉತ್ತರವನ್ನೂ ಕೊಡುತ್ತದೆ. ಪರೀಕ್ಷೆಯ ವಿಳಾಸವಾಗಿ ಆ ಪೆಟ್ಟಿಗೆಯನ್ನು ಕೊಡದೆ, ಗೂಗಲ್‌ನ 8.8.8.8ರಂತಹ ಹೊರಗಿನ ವಿಳಾಸವನ್ನು ಕೊಡಿ. ಎಲ್ಲವೂ ಮುಗಿದ ಮೇಲೆ ವ್ಯಾಪಾರವಿಲ್ಲದ ಹೊತ್ತಿನಲ್ಲಿ ಪೆಟ್ಟಿಗೆಗೆ ಹೊರಗಿನಿಂದ ಬರುವ ಫೈಬರನ್ನೇ ಕಳಚಿ ಪರೀಕ್ಷಿಸಿ. ಪೆಟ್ಟಿಗೆಗೂ ರೂಟರಿಗೂ ನಡುವಿನ ಕೇಬಲ್ ಕಳಚಿದರೆ, ಪರೀಕ್ಷೆಯ ವಿಳಾಸ ತಪ್ಪಾಗಿದ್ದರೂ ಆ ದೋಷ ಬಯಲಾಗುವುದಿಲ್ಲ.