ಕೆರೆಯ ಸುತ್ತ ಗೆರೆ ಎಳೆಯುವ ಓದು

ಈ ಸಲದ ಓದುಗರ ಪ್ರಶ್ನೆಗಳೆಲ್ಲ ಪರಿಸರ ಯೋಜನೆಯ (ಎನ್ವಿರಾನ್‌ಮೆಂಟಲ್ ಪ್ಲ್ಯಾನಿಂಗ್) ಓದಿನ ಬಗ್ಗೆ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಮುಂದೆ ಪರಿಸರ ಯೋಜನೆಯನ್ನೇ ಓದುತ್ತಾಳಂತೆ. ಸಿಇಟಿ ಬರೆದರೆ ಸಾಕೆ?
– ಒಬ್ಬ ತಂದೆ, ರಾಜಾಜಿನಗರ

ಉತ್ತರ: ಪದವಿಯಲ್ಲಿ ಆ ಹೆಸರನ್ನು ಹುಡುಕಬೇಡಿ, ಬಿ.ಪ್ಲ್ಯಾನ್ (ಬ್ಯಾಚುಲರ್ ಆಫ್ ಪ್ಲ್ಯಾನಿಂಗ್) ಹುಡುಕಿ. ಅದು 4 ವರ್ಷ. ಪರಿಸರ ಯೋಜನೆ ಅನ್ನುವ ವಿಶೇಷ ವಿಷಯ ಸಿಗುವುದು ಅದರ ಮೇಲಿನ 2 ವರ್ಷದ ಎಂ.ಪ್ಲ್ಯಾನ್‌ನಲ್ಲಿ; ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿದೆ. ಈ ಸಂಸ್ಥೆಗಳ ಬಿ.ಪ್ಲ್ಯಾನ್‌ಗೆ ಸಿಇಟಿ ನಡೆಯುವುದಿಲ್ಲ, ಜೆಇಇ ಮೇನ್‌ನ ಪೇಪರ್ 2ಬಿ ಬರೆಯಬೇಕು. 3 ಗಂಟೆ, 400 ಅಂಕ: ಗಣಿತಕ್ಕೆ 100, ಆಪ್ಟಿಟ್ಯೂಡ್‌ಗೆ 200, ಪ್ಲ್ಯಾನಿಂಗ್‌ಗೆ 100. ಚಿತ್ರ ಬಿಡಿಸುವ ಭಾಗ ಇರುವುದು ಬಿ.ಆರ್ಕ್‌ನ 2ಎ ಪತ್ರಿಕೆಯಲ್ಲಿ ಮಾತ್ರ. ಹೆಚ್ಚಿನವರು ಎಡವುವುದು ಅರ್ಜಿ ತುಂಬುವಾಗಲೇ. ಎಂಜಿನಿಯರಿಂಗ್‌ನ ಪೇಪರ್ 1 ಒಂದನ್ನೇ ಟಿಕ್ ಮಾಡಿ ಕೂತಿರುತ್ತಾರೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಭಾಷೆಯನ್ನು ಅರ್ಜಿಯಲ್ಲೇ ಆರಿಸಬೇಕು.

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ನೇರವಾಗಿ ಎಂ.ಪ್ಲ್ಯಾನ್ ಸೇರಬಹುದೆ?
– ವಿದ್ಯಾರ್ಥಿ, ಯಲಹಂಕ

ಉತ್ತರ: ಬರೀ ಬಿ.ಎಸ್ಸಿ. ಸಾಮಾನ್ಯವಾಗಿ ಸಾಲದು. ಬಿ.ಪ್ಲ್ಯಾನ್, ಬಿ.ಆರ್ಕ್, ಸಿವಿಲ್ ಬಿ.ಇ. ಆದವರಿಗೆ ನೇರ ದಾರಿ. ವಿಜ್ಞಾನ, ಭೂಗೋಳ, ಅರ್ಥಶಾಸ್ತ್ರದ ಕಡೆಯಿಂದ ಬರುವವರು ಮೊದಲು ಸ್ನಾತಕೋತ್ತರ ಮುಗಿಸಿರಬೇಕು. ಜೊತೆಗೆ ಗೇಟ್ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಸ್ಕೋರ್. ಅದು 3 ವರ್ಷ ಚಾಲ್ತಿಯಲ್ಲಿರುತ್ತದೆ. 2021ರಿಂದ ಗೇಟ್‌ನಲ್ಲಿ ಪರಿಸರ ವಿಜ್ಞಾನಕ್ಕೇ ಒಂದು ಪತ್ರಿಕೆ ಇದೆ. ಆದರೂ ನೀವು ಸೇರಬೇಕೆಂದಿರುವ ಸಂಸ್ಥೆ ಯಾವ ಪತ್ರಿಕೆಯನ್ನು ಒಪ್ಪುತ್ತದೆಂದು ನೋಡಿಕೊಂಡೇ ಅರ್ಜಿ ಹಾಕಿ.

ಪ್ರಶ್ನೆ: ಸ್ಟುಡಿಯೋ ಕೆಲಸಕ್ಕೆ (ತರಗತಿಯ ಪ್ರಾಜೆಕ್ಟ್) ಬೆಂಗಳೂರಿನ ಒಂದು ಕೆರೆ ಆರಿಸಿಕೊಂಡಿದ್ದೇನೆ. ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ 30 ಮೀಟರ್ ಬಫರ್ (ಕೆರೆಯ ಸುತ್ತ ಕಟ್ಟಡವಿಲ್ಲದೆ ಬಿಡುವ ಪಟ್ಟಿ) ಕೊಟ್ಟರೆ ಪರದೆಯೆಲ್ಲ ಒಂದೇ ಬಣ್ಣ. ಸೀನಿಯರ್‌ಗಳ ವರದಿಯಲ್ಲಿ 75 ಮೀಟರ್ ಅಂತಿದೆ. ಯಾವುದು ಸರಿ?
– ಎಂ.ಪ್ಲ್ಯಾನ್ ವಿದ್ಯಾರ್ಥಿನಿ, ಕೆಂಗೇರಿ

ಉತ್ತರ: ಮೊದಲು ಬಣ್ಣದ ವಿಚಾರ. ನಿಮ್ಮ ಲೇಯರ್ (ನಕ್ಷೆಯ ಪದರ) ಅಕ್ಷಾಂಶ-ರೇಖಾಂಶದಲ್ಲಿದೆ, ಅದರ ಅಳತೆ ಡಿಗ್ರಿ. ನೀವು ಕೊಟ್ಟ 30 ಅನ್ನು ಸಾಫ್ಟ್‌ವೇರ್ 30 ಡಿಗ್ರಿ ಎಂದು ಓದಿಕೊಂಡಿದೆ. ಒಂದು ಡಿಗ್ರಿ ಅಂದರೆ ಸುಮಾರು 110 ಕಿ.ಮೀ.; ಕೆರೆಯಂಚು ಶ್ರೀಲಂಕಾವನ್ನೂ ದಾಟಿ ಹೋಗಿದೆ! ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್‌ಗೆ ಹೋಗಿ, ಇಪಿಎಸ್‌ಜಿ 32643 (ಮೀಟರ್‌ನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43ನೇ ವಲಯದ ಸಂಖ್ಯೆ) ಆರಿಸಿ ಹೊಸ ಫೈಲಾಗಿ ಉಳಿಸಿ. ಬೆಂಗಳೂರು ಬರುವುದು ಈ ವಲಯದಲ್ಲಿ. ‘ಸೆಟ್ ಲೇಯರ್ ಸಿಆರ್‌ಎಸ್’ ಒತ್ತಬೇಡಿ, ಅದು ಅಂಕಿಗಳನ್ನು ಬದಲಿಸದೆ ಚೀಟಿ ಮಾತ್ರ ಬದಲಿಸುತ್ತದೆ, ಕೆರೆ ಇನ್ನೆಲ್ಲೋ ಹೋಗಿ ಕೂರುತ್ತದೆ.

ಇನ್ನು 75. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳಿಗೆ 75 ಮೀಟರ್ ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ 2015ರ ಪ್ರಕಾರ ಕೆರೆಗೆ 30 ಮೀಟರ್. ರಾಜಕಾಲುವೆಗೆ ಅದರ ನಡುಗೆರೆಯಿಂದ 50, 25, 15 ಮೀಟರ್, ಕ್ರಮವಾಗಿ ಪ್ರಾಥಮಿಕ, ದ್ವಿತೀಯ, ತೃತೀಯ. ಕೆರೆಗೆ ಅಂಚಿನಿಂದ, ಕಾಲುವೆಗೆ ನಡುವಿನಿಂದ ಅನ್ನುವುದನ್ನು ಮರೆಯುವವರೇ ಹೆಚ್ಚು. ಆಮೇಲಿನ ತಿದ್ದುಪಡಿಗಳಿಗೆ ರಾಜ್ಯಪತ್ರ ನೋಡಿ, ಪ್ರತಿ ಅಂಕಿಯ ಪಕ್ಕ ನಿಯಮದ ಹೆಸರು, ದಿನಾಂಕ ಬರೆಯಿರಿ. ಹಳೇ ವರದಿಯಿಂದ ನಕಲು ಹೊಡೆದದ್ದು ಪರೀಕ್ಷಕರಿಗೆ ಗೊತ್ತಾಗುವುದೇ ಇಂಥ ಕಡೆ.

ನಿಜವಾದ ಕಷ್ಟ ಬೇರೆ: ಅಂಚು ಯಾವುದು? ಉಪಗ್ರಹ ಚಿತ್ರದಲ್ಲಿ ಕಾಣುವ ನೀರಿನಂಚು ಮಾರ್ಚ್‌ಗೆ ಒಂದು, ಅಕ್ಟೋಬರ್‌ಗೆ ಇನ್ನೊಂದು. ಜೊಂಡು ಬೆಳೆದ ಭಾಗ ಹುಲ್ಲುಗಾವಲಿನ ಹಾಗೆ ಕಾಣುತ್ತದೆ. ಆದ್ದರಿಂದ ಗ್ರಾಮ ನಕ್ಷೆಯಲ್ಲಿರುವ ಸರ್ವೆ ಗಡಿಯನ್ನು ಹಿಡಿಯಿರಿ. ಸರ್ವೆ ನಂಬರ್ ಪತ್ತೆಗೆ ಸರ್ಕಾರದ ದಿಶಾಂಕ್ ಆ್ಯಪ್ ಸಾಕು, ಗೆರೆ ಎಳೆಯಲು ಸಾಲದು. ನೀವು ಬಿಡಿಸಿದ ಕೆರೆಯ ವಿಸ್ತೀರ್ಣವನ್ನು ಪಹಣಿಯ ಎಕರೆ-ಗುಂಟೆಗೆ ತಾಳೆ ನೋಡಿ (ಒಂದು ಎಕರೆಗೆ 40 ಗುಂಟೆ, 4,047 ಚದರ ಮೀಟರ್). ಕಾಲುವೆಗಳನ್ನು ‘ಬಿ ಖರಾಬು’ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಲ್ಲದ ಜಮೀನು) ಪಟ್ಟಿಯಲ್ಲಿ ಹುಡುಕಿ. ಹಳೇ ಹರಿವಿನ ದಾರಿಗೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ಭೂಲಕ್ಷಣ ನಕ್ಷೆ) ಬೇಕು: 13 ಡಿಗ್ರಿ ಅಕ್ಷಾಂಶದ ಕೆಳಗೆ 57 ಎಚ್/9, ಮೇಲೆ 57 ಜಿ/12. ಹೆಬ್ಬಾಳ ಕಣಿವೆ ಆರಿಸಿಕೊಂಡವರಿಗೆ ಎರಡೂ ಬೇಕಾಗಬಹುದು.

ಪ್ರಶ್ನೆ: 10 ಹೆಕ್ಟೇರ್ ಬಡಾವಣೆಯಿಂದ ಸೆಕೆಂಡಿಗೆ 133 ಘನ ಮೀಟರ್ ಮಳೆನೀರು ಅಂತ ಲೆಕ್ಕ ಬಂತು. ಗೈಡ್ ನಕ್ಕುಬಿಟ್ಟರು. ತಪ್ಪೆಲ್ಲಿ?
– ವಿದ್ಯಾರ್ಥಿ, ಬಸವನಗುಡಿ

ಉತ್ತರ: ನಗುವುದೇನೂ ಬೇಡ, ಎಲ್ಲರೂ ಒಮ್ಮೆ ಮಾಡುವ ತಪ್ಪು. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು), ಗಂಟೆಗೆ ಎಷ್ಟು ಮಿ.ಮೀ. ಮಳೆ, ವಿಸ್ತೀರ್ಣ – ಈ ಮೂರನ್ನು ಗುಣಿಸಿ, ವಿಸ್ತೀರ್ಣ ಚದರ ಕಿ.ಮೀ.ನಲ್ಲಿದ್ದರೆ 3.6ರಿಂದ, ಹೆಕ್ಟೇರ್‌ನಲ್ಲಿದ್ದರೆ 360ರಿಂದ ಭಾಗಿಸಬೇಕು. ಗುಣಾಂಕ 0.8, ಮಳೆ ಗಂಟೆಗೆ 60 ಮಿ.ಮೀ. ಹಿಡಿದಿದ್ದರೆ ಉತ್ತರ 1.33; ನೀವು ಹೆಕ್ಟೇರ್ ಇಟ್ಟುಕೊಂಡೇ 3.6ರಿಂದ ಭಾಗಿಸಿದ್ದೀರಿ. ಅದೇ ಜಾಗ ಮಣ್ಣು-ಹುಲ್ಲಾಗಿಯೇ ಉಳಿದಿದ್ದು ಗುಣಾಂಕ 0.3 ಆಗಿದ್ದರೆ 0.5. ಇಡೀ ದಿನದ 60 ಮಿ.ಮೀ. ಮಳೆಯನ್ನು ಗಂಟೆಯ ಲೆಕ್ಕಕ್ಕೆ ಹಾಕಿಲ್ಲ ತಾನೆ, ಅದನ್ನೂ ನೋಡಿಕೊಳ್ಳಿ. ಇದು ಸಣ್ಣ ಜಾಗಕ್ಕೆ ಹೊಂದುವ ಸೂತ್ರ. ಇಡೀ ವೃಷಭಾವತಿ ಕಣಿವೆಗೆ ಹಾಕಿದರೆ, ನಡುವಿನ ಕೆರೆಗಳು ನೀರು ಹಿಡಿದಿಟ್ಟು ತಡವಾಗಿ ಬಿಡುವುದು ಲೆಕ್ಕಕ್ಕೇ ಬರುವುದಿಲ್ಲ.