ರೆಜಿಮೆಂಟ್ ದೊಡ್ಡದಾ, ಬ್ರಿಗೇಡ್ ದೊಡ್ಡದಾ?

ಬೆಳಗಾವಿಯಲ್ಲಿ ಟ್ರೇನಿಂಗ್ ಮುಗಿಸಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿದ ನಿಮ್ಮ ತಮ್ಮ ಈಗ ಫೋನಿನಲ್ಲಿ ಯಾವುದೋ ಬ್ರಿಗೇಡ್ ಕೆಳಗೆ ಇದ್ದೀನಿ ಅಂದಿದ್ದಾನೆ. ಹಾಗಾದರೆ ರೆಜಿಮೆಂಟ್ ಬದಲಾಯಿತಾ, ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದ್ದೀರಿ. ರೆಜಿಮೆಂಟ್ ಬದಲಾಗಿಲ್ಲ, ಗಾಬರಿ ಬೇಡ. ಇವೆರಡನ್ನೂ ಒಂದೇ ಸಾಲಿನಲ್ಲಿ ಇಟ್ಟು ಅಳೆಯುವುದಕ್ಕೂ ಬರುವುದಿಲ್ಲ. ನಾನು ಪದಾತಿ ಬೆಟಾಲಿಯನ್ನಿನ ಆಫೀಸಿನಲ್ಲಿ ಕ್ಲರ್ಕ್ ಆಗಿ ಸರ್ವಿಸ್ ಮುಗಿಸಿ ಬಂದವನು. ನೋಡಿದ್ದನ್ನೇ ಹೇಳುತ್ತೇನೆ.

ರೆಜಿಮೆಂಟ್ ಅಂದರೆ ಜವಾನನಿಗೆ ತವರುಮನೆ ಇದ್ದ ಹಾಗೆ. ಬೆಳಗಾವಿಯ ಸೆಂಟರ್‌ನಲ್ಲಿ ಅವನು ಕಸಮ್ ಪರೇಡ್ (ಪ್ರಮಾಣ ತೆಗೆದುಕೊಳ್ಳುವ ಪರೇಡ್) ಮಾಡಿದ, ಅವನ ಸರ್ವಿಸ್ ದಾಖಲೆ ಅಲ್ಲಿನ ರೆಕಾರ್ಡ್ ಆಫೀಸಿನಲ್ಲಿದೆ, ನಾಳೆ ಪೆನ್ಶನ್ ಕಾಗದ ಓಡಾಡುವುದೂ ಅಲ್ಲಿಂದಲೇ. ಆದರೆ ಮರಾಠಾ ರೆಜಿಮೆಂಟ್ ಎಲ್ಲಾ ಒಟ್ಟಾಗಿ ಒಂದು ಕಡೆ ನಿಂತು ಯುದ್ಧ ಮಾಡುವುದಿಲ್ಲ. ಅದರಲ್ಲಿ ಹಲವು ಬೆಟಾಲಿಯನ್‌ಗಳಿವೆ. ಒಂದು ಕಾಶ್ಮೀರದಲ್ಲಿದ್ದರೆ ಇನ್ನೊಂದು ಅರುಣಾಚಲದಲ್ಲಿ ಇರಬಹುದು, ಮತ್ತೊಂದು ರಾಜಸ್ಥಾನದಲ್ಲಿ. ಯಾವ ಬೆಟಾಲಿಯನ್ ಎಲ್ಲಿದೆಯೋ ಅಲ್ಲಿನ ಬ್ರಿಗೇಡ್ ಅದಕ್ಕೆ ಹುಕುಂ ಕೊಡುತ್ತದೆ.

ಆ ಹುಕುಂನ ಸಾಲು ಹೀಗಿದೆ. ಎಲ್ಲಕ್ಕಿಂತ ಚಿಕ್ಕದು ಸೆಕ್ಷನ್, ಸುಮಾರು 10 ಜನ. ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ಕಂಪನಿಯನ್ನು ಸಾಮಾನ್ಯವಾಗಿ ಮೇಜರ್ ನಡೆಸುತ್ತಾರೆ. ಬೆಟಾಲಿಯನ್ನಿನಲ್ಲಿ ಇಂಥ ನಾಲ್ಕು ರೈಫಲ್ ಕಂಪನಿ ಇರುತ್ತವೆ: ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ. ಜೊತೆಗೆ ಮಾರ್ಟರ್ ಮುಂತಾದವನ್ನು ನೋಡಿಕೊಳ್ಳುವ ಸಪೋರ್ಟ್ ಕಂಪನಿ, ಆಮೇಲೆ ಮುನ್ನುಗ್ಗಿ ದಾಳಿ ಮಾಡುವ ಘಾತಕ್ ಪ್ಲಟೂನ್. ಎಲ್ಲಾ ಸೇರಿ 800ರ ಆಸುಪಾಸು ಜನ, ಮೇಲೆ ಒಬ್ಬ ಕರ್ನಲ್. ಸುಮಾರು ಮೂರು ಬೆಟಾಲಿಯನ್‌ಗೆ ಒಂದು ಬ್ರಿಗೇಡ್. ಅದರ ಮೇಲೆ ಡಿವಿಷನ್, ಡಿವಿಷನ್ ಮೇಲೆ ಕೋರ್, ಕೋರ್ ಮೇಲೆ ಕಮಾಂಡ್. ಕಮಾಂಡ್‌ಗಳು ಒಟ್ಟು 7. ಉಧಂಪುರ, ಚಂಡಿಮಂದಿರ, ಜೈಪುರ, ಪುಣೆ, ಲಖನೌ, ಕೋಲ್ಕತ್ತಾದಲ್ಲಿ ಕುಳಿತಿರುವ ಆರು, ಶಿಮ್ಲಾದ ಟ್ರೇನಿಂಗ್ ಕಮಾಂಡ್ ಏಳನೆಯದು. ಎಲ್ಲಕ್ಕೂ ಮೇಲೆ ದೆಹಲಿಯಲ್ಲಿ ಸೇನಾ ಮುಖ್ಯಸ್ಥರು.

1999ರ ಕಾರ್ಗಿಲ್ ಯುದ್ಧದ ಟೈಗರ್ ಹಿಲ್ ನೆನಪು ಮಾಡಿಕೊಳ್ಳಿ, ಎರಡೂ ಹೇಗೆ ಕೂಡುತ್ತವೆ ಅನ್ನುವುದು ಅಲ್ಲಿ ಕಾಣುತ್ತದೆ. ಜುಲೈ 4ರ ಬೆಳಗಿನ ಹೊತ್ತಿಗೆ ತುದಿ ಹತ್ತಿದ್ದು 18 ಗ್ರೆನೇಡಿಯರ್ಸ್, ಅಂದರೆ ಗ್ರೆನೇಡಿಯರ್ಸ್ ರೆಜಿಮೆಂಟಿನ 18ನೇ ಬೆಟಾಲಿಯನ್. ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ ಅದೇ ಬೆಟಾಲಿಯನ್ನಿನ ಘಾತಕ್ ಪ್ಲಟೂನಿನವರು. ಆ ಕಾರ್ಯಾಚರಣೆಯಲ್ಲಿ 8 ಸಿಖ್ ಮತ್ತು 2 ನಾಗಾ ಕೂಡ ಇದ್ದವು. ಗ್ರೆನೇಡಿಯರ್ಸ್ ಸೆಂಟರ್ ಇರುವುದು ಜಬಲ್ಪುರದಲ್ಲಿ, ಸಿಖ್ ರೆಜಿಮೆಂಟಿನದು ರಾಮಗಢದಲ್ಲಿ, ನಾಗಾದವರದು ರಾಣಿಖೇತ್‌ನಲ್ಲಿ. ಮೂವರ ಊರು ಬೇರೆ, ಮಾತು ಬೇರೆ, ಜೈಕಾರವೂ ಬೇರೆ. ಆದರೆ ಮೂವರೂ 192 ಮೌಂಟನ್ ಬ್ರಿಗೇಡ್ ಕೆಳಗೆ. ಬ್ರಿಗೇಡಿನ ಮೇಲೆ 8 ಮೌಂಟನ್ ಡಿವಿಷನ್, ಅದರ ಮೇಲೆ ಶ್ರೀನಗರದ 15 ಕೋರ್, ಆಮೇಲೆ ಉಧಂಪುರದ ನಾರ್ದರ್ನ್ ಕಮಾಂಡ್. ಹಿಂದಿನಿಂದ ಗುಂಡಿನ ಮಳೆ ಸುರಿಸಿದ ಬೋಫೋರ್ಸ್ ತೋಪಿನವರು ಇವರ್ಯಾರ ರೆಜಿಮೆಂಟಿನವರೂ ಅಲ್ಲ, ಆರ್ಟಿಲರಿಯವರು. ಹೆಸರಿಗಾಗಿ, ಪಕ್ಕದವನಿಗಾಗಿ ಜೀವ ಕೊಡುವ ಹಟ ರೆಜಿಮೆಂಟಿನಿಂದ ಬರುತ್ತದೆ. ಯಾರು ಯಾವಾಗ ಎಲ್ಲಿಂದ ಹತ್ತಬೇಕು ಅನ್ನುವ ಲೆಕ್ಕ ಬ್ರಿಗೇಡಿನದು. ಎರಡರಲ್ಲಿ ಒಂದಿಲ್ಲದಿದ್ದರೂ ಆ ಬೆಟ್ಟ ನಮಗೆ ಸಿಗುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಜನ ಗೊಂದಲ ಮಾಡಿಕೊಳ್ಳುವುದಕ್ಕೆ ಕಾರಣವೂ ಇದೆ. ಟ್ಯಾಂಕ್ ಪಡೆಯಲ್ಲಿ, ತೋಪಿನ ಪಡೆಯಲ್ಲಿ ಒಂದು ರೆಜಿಮೆಂಟ್ ಅಂದರೆ ಬೆಟಾಲಿಯನ್ನಿನ ಮಟ್ಟದ ಒಂದು ಘಟಕ, ಅಷ್ಟೇ. ಇನ್ನೊಂದು ಕಡೆ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಹೆಸರಲ್ಲಿ ಬ್ರಿಗೇಡ್ ಇದ್ದರೂ ಅದು ರೆಜಿಮೆಂಟೇ. ನಮ್ಮ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದರಲ್ವಾ, ಅದೇ ವರ್ಷ ಅವರ ಮುತುವರ್ಜಿಯಿಂದ ಗಾರ್ಡ್ಸ್ ಹುಟ್ಟಿತು. ಜಾತಿ, ಪ್ರಾಂತ್ಯ ನೋಡದೆ ಇಡೀ ದೇಶದವರನ್ನು ಒಂದೇ ರೆಜಿಮೆಂಟಿಗೆ ತರಬೇಕು ಅನ್ನುವುದು ಅವರ ಆಸೆಯಾಗಿತ್ತು.

ನೀವು ಕೇಳಿಲ್ಲ, ಆದರೂ ಜೆಸಿಒಗಳ (ಜೂನಿಯರ್ ಕಮಿಷನ್ಡ್ ಆಫೀಸರ್) ಬಗ್ಗೆ ಹೇಳದೆ ಇರಲಾರೆ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಇವರು ಸಿಪಾಯಿಯಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರು. ಆಫೀಸರ್‌ಗಳಿಗೂ ಜವಾನರಿಗೂ ನಡುವೆ ಇಂಥದೊಂದು ಪದರ ದುನಿಯಾದ ಹೆಚ್ಚಿನ ಸೇನೆಗಳಲ್ಲಿ ಇಲ್ಲ. ಹೊಸದಾಗಿ ಬಂದ ಲೆಫ್ಟಿನೆಂಟ್‌ಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಪ್ಲಟೂನಿನ ಹುಡುಗರ ಮನೆ ಕಷ್ಟ, ರಜೆಯ ತಕರಾರು, ಯಾರ ಕಾಲು ಚಳಿಗೆ ಊದಿದೆ, ಇದೆಲ್ಲ ಅವರಿಗೆ ಹೇಗೆ ಗೊತ್ತಾಗಬೇಕು? ಜೊತೆಗಿರುವ ನಾಯಬ್ ಸುಬೇದಾರ್ ಸಾಬ್ ಹೇಳಿಕೊಡುತ್ತಾರೆ. ನಮ್ಮ ಸುಬೇದಾರ್ ಮೇಜರ್ ಸಾಬ್ ಮಾತಿಗೆ ಬೆಟಾಲಿಯನ್ ನಡೆಸುವ ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರೂ ಕಿವಿಗೊಡುತ್ತಿದ್ದರು.

ಈಗ ನಿಮ್ಮ ತಮ್ಮನ ವಿಷಯ. ಕೆಲವು ವರ್ಷಕ್ಕೊಮ್ಮೆ ಇಡೀ ಬೆಟಾಲಿಯನ್ ಗಂಟುಮೂಟೆ ಕಟ್ಟಿ ಜಾಗ ಬದಲಿಸುತ್ತದೆ, ಫೀಲ್ಡಿನಿಂದ (ಗಡಿಯಂಥ ಕಷ್ಟದ ಜಾಗ) ಪೀಸ್‌ಗೆ (ಶಾಂತ ಊರಿನ ಕಂಟೋನ್ಮೆಂಟ್), ಪೀಸ್‌ನಿಂದ ಫೀಲ್ಡಿಗೆ. ಆಗ ಬ್ರಿಗೇಡ್ ಬದಲಾಗುತ್ತದೆ, ಡಿವಿಷನ್ ಬದಲಾಗುತ್ತದೆ. ಟೋಪಿಯ ಮೇಲಿನ ರೆಜಿಮೆಂಟಿನ ಬಿಲ್ಲೆ ಬದಲಾಗುವುದಿಲ್ಲ. ಕಾಗದಗಳೂ ಹಾಗೇ ಎರಡು ದಾರಿ ಹಿಡಿಯುತ್ತವೆ. ಗಸ್ತಿನ ವರದಿ ನಮ್ಮ ಆಫೀಸಿನಿಂದ ಬ್ರಿಗೇಡಿಗೆ ಹೋಗುತ್ತಿತ್ತು. ಜವಾನನಿಗೆ ಮದುವೆಯಾಯಿತು, ಮಗು ಹುಟ್ಟಿತು ಅಂದರೆ ಪಾರ್ಟ್ ಟು ಆರ್ಡರ್ ಅಂತ ಒಂದು ಕಾಗದ ಮಾಡುತ್ತಿದ್ದೆವು, ಅದು ರೆಕಾರ್ಡ್ ಆಫೀಸಿಗೆ. ಹೆಂಡತಿ ಮಕ್ಕಳ ಹೆಸರು ಅದರಲ್ಲಿ ಹೇಗೆ ಬರೆದಿದೆಯೋ ಮುಂದೆ ಹಾಗೇ ಉಳಿಯುತ್ತದೆ. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಇಲ್ಲಿ ಇನ್ನೊಂದು ಅಂತಾದರೆ ಫ್ಯಾಮಿಲಿ ಪೆನ್ಶನ್ ಹೊತ್ತಿಗೆ ಹೆಣ್ಣುಮಕ್ಕಳು ಅಲೆದು ಅಲೆದು ಸುಸ್ತಾಗುತ್ತಾರೆ. ತಮ್ಮನಿಗೆ ಮದುವೆ ಆದ ಕೂಡಲೇ ಆ ಆರ್ಡರ್ ಹೊರಬಿತ್ತಾ, ಹುಡುಗಿಯ ಹೆಸರು, ಹುಟ್ಟಿದ ತಾರೀಖು ಸರಿ ಇದೆಯಾ ಅಂತ ಕೇಳಿ, ಒಂದು ಕಾಪಿ ಮನೆಯಲ್ಲಿ ಇಟ್ಟುಕೊಳ್ಳಿ.